ಕಾಡಿನೊಳಗೆ ಕೂಗಿದ ಹುಂಜ

ದ್ವೀಪಗಳಿಗೆ ಕೆಲಸಕ್ಕೆ ಹೋಗುವವರು ಹಕ್ಕಿಗಳ ಹೆಸರು ಕಲಿಯುವ ಮೊದಲು ಬೆಂಕಿಪೆಟ್ಟಿಗೆ ಒದ್ದೆಯಾಗದಂತೆ ಇಟ್ಟುಕೊಳ್ಳುವುದನ್ನು ಕಲಿಯಬೇಕು. ತಮಾಷೆಗೆ ಹೇಳುತ್ತಿಲ್ಲ. ನೈರೋಬಿಯ ವೆಸ್ಟ್‌ಲ್ಯಾಂಡ್ಸ್‌ನ ನಮ್ಮ ಮನೆಗೆ ಈಚೆಗೆ ಕೆಲವು ಹುಡುಗ ಹುಡುಗಿಯರು ಬಂದು ಹೋಗುತ್ತಾರೆ. ಇಲ್ಲಿಯ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಓದುವವರು, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ನಮ್ಮವರ ಮಕ್ಕಳು. ಕೈಯಲ್ಲಿ ಒಳ್ಳೆಯ ಕ್ಯಾಮೆರಾ, ಕಾಲಲ್ಲಿ ಒಳ್ಳೆಯ ಬೂಟು. ಕಾಡಿನ ಕೆಲಸ ಹೇಗಿರುತ್ತದೆ ಅಂಕಲ್ ಎಂದು ಕೇಳುತ್ತಾರೆ. ಎದುರಿಗೆ ಕೂತು ಹೇಳತೊಡಗಿದರೆ ಅರ್ಧಕ್ಕೇ ಫೋನು ನೋಡುತ್ತಾರೆ. ಹಾಗಾಗಿ ಬರೆದೇ ಬಿಡುತ್ತೇನೆ. ಕನ್ನಡ ಓದಲು ಬಾರದವರಿಗೆ ಅವರ ಅಪ್ಪ ಅಮ್ಮ ಓದಿ ಹೇಳಲಿ, ಅವರಿಗೂ ಒಂದು ಕೆಲಸವಾಯಿತು.

ನಾನು ಅಂಕೋಲೆಯ ಕಡೆಯವನು. ಹೆಸರು ಬೀರಣ್ಣ. ಆರನೇ ಇಯತ್ತೆಗೆ ಶಾಲೆ ಬಿಟ್ಟೆ. ದಡ್ಡನೆಂದು ಬಿಟ್ಟದ್ದಲ್ಲ, ದೋಣಿಗೆ ಇನ್ನೊಂದು ಜೊತೆ ಕೈ ಬೇಕಿತ್ತು. ಬಲೆ ಹೆಣೆಯುವುದು, ಹರಿದದ್ದನ್ನು ಕಟ್ಟುವುದು, ದೋಣಿಯ ಎಂಜಿನ್ ಬಿಚ್ಚಿ ಜೋಡಿಸುವುದು ಇಷ್ಟು ನನ್ನ ವಿದ್ಯೆ. ಅದರ ಬಗ್ಗೆ ನನಗೆ ನಾಚಿಕೆ ಇಲ್ಲ. ಚಿಕ್ಕಪ್ಪನ ಬೆನ್ನು ಹಿಡಿದು ಮೊಂಬಾಸಾಕ್ಕೆ ಬಂದು ಮೀನಿಗೆ ಐಸ್ ಮಾಡುವ ಕಾರ್ಖಾನೆಯಲ್ಲಿ ದುಡಿದೆ. ಅಲ್ಲಿಂದ ನೈರೋಬಿಗೆ ಬಂದು ಗ್ಯಾರೇಜು ಸೇರಿದೆ.

ಒಂದು ದಿನ ಆ ಗ್ಯಾರೇಜಿಗೆ ಗೇರು ಕೆಟ್ಟ ಜೀಪೊಂದು ಬಂತು. ಅದರ ಜೊತೆಗೆ ಬಂದವರು ಗಿರಿಜಾ ಮೇಡಂ. ಮೈಸೂರಿನವರು, ಇಲ್ಲಿಯ ಯುನಿವರ್ಸಿಟಿಯಲ್ಲಿ ಪಾಠ ಹೇಳುತ್ತಿದ್ದವರು, ಮನೆ ಸ್ಪ್ರಿಂಗ್ ವ್ಯಾಲಿಯಲ್ಲಿ. ಜೀಪಿನ ಹಿಂದೆ ಹರಿದ ಬಲೆಗಳ ಗುಡ್ಡೆ ಬಿದ್ದಿತ್ತು. ಅಷ್ಟು ಸಪೂರ ನೂಲಿನ ಬಲೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಎರಡು ಕೈಗಳ ನಡುವೆ ಹಿಡಿದರೆ ಗಾಳಿಯನ್ನು ಹಿಡಿದ ಹಾಗೆ. ಇದು ಯಾವ ಮೀನಿಗೆ ಎಂದು ಕೇಳಿದೆ. ಹಕ್ಕಿಗೆ ಎಂದರು. ಹಿಡಿದು ಕಾಲಿಗೆ ಉಂಗುರ ಹಾಕಿ ಮತ್ತೆ ಬಿಟ್ಟುಬಿಡುವುದಕ್ಕೆ ಎಂದರು. ಹಿಡಿದದ್ದನ್ನು ಬಿಡುವವರನ್ನು ನಮ್ಮ ಕಡೆ ಹುಚ್ಚರೆನ್ನುತ್ತಾರೆ. ಆದರೂ ಬಲೆ ಹರಿದಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. ಗೇರು ರಿಪೇರಿಯಾಗುವುದರೊಳಗೆ ಒಂದನ್ನು ಕಟ್ಟಿ ಕೊಟ್ಟೆ. ಮೇಡಂ ಅದನ್ನು ಬೆಳಕಿಗೆ ಹಿಡಿದು ಈ ಕಡೆ ಆ ಕಡೆ ತಿರುಗಿಸಿ ನೋಡಿದರು.

"ಎಲ್ಲಿ ಹರಿದಿತ್ತು ಅಂತಾನೇ ಗೊತ್ತಾಗ್ತಿಲ್ವಲ್ಲ. ಬೀರಣ್ಣ, ನೀವು ಗ್ಯಾರೇಜಲ್ಲಿ ಏನ್ ಮಾಡ್ತಿದೀರಿ?"

ಅಲ್ಲಿಂದ ಶುರುವಾದದ್ದು ಹೋದ ವರ್ಷ ಮುಗಿಯಿತು. ನಡುವೆ ಯಾವ ಯಾವ ಹುದ್ದೆ ಬಂತು ಎಂಬುದನ್ನು ಬರೆದರೆ ನಿಮಗೂ ಬೇಸರ, ನನಗೂ ಬೇಸರ.

ಮೊದಲ ಹಕ್ಕಿಯನ್ನು ಬಲೆಯಿಂದ ಬಿಡಿಸಿದ ದಿನವನ್ನು ಮಾತ್ರ ಹೇಳಬೇಕು. ನೈವಾಷಾ ಕೆರೆಯ ಹತ್ತಿರ, ಹೂವಿನ ರಸ ಕುಡಿಯುವ ಒಂದು ಚಿಕ್ಕ ಹಕ್ಕಿ. ಮೀನು ಬಿಡಿಸಿ ಅಭ್ಯಾಸವಿದ್ದ ಬೆರಳುಗಳು, ಹೆದರಿಕೆ ಏನಿರಲಿಲ್ಲ. ಆದರೆ ಅಂಗೈಯೊಳಗೆ ಬಂದಾಗ ಅದಕ್ಕೆ ತೂಕವೇ ಇಲ್ಲ, ಬರಿಯ ಎದೆಬಡಿತ. ಆ ಬಡಿತ ಎಷ್ಟು ಜೋರೆಂದರೆ ನನ್ನ ಮೊಣಕೈವರೆಗೆ ಹತ್ತಿತು. ಇಷ್ಟು ಸಣ್ಣದರೊಳಗೆ ಇಷ್ಟು ದೊಡ್ಡ ಎಂಜಿನ್ನನ್ನು ಯಾರು ಕೂರಿಸಿದರು ಎಂದು ನಾನು ನಿಂತೇ ಬಿಟ್ಟೆ. ಮೇಡಂ ಬೇಗ ಬಿಡಿ, ಅದಕ್ಕೆ ಹಸಿವಾಗತ್ತೆ ಎಂದು ಬೈದರು.

ನಾನು ಸೇರಿದಾಗಲೂ ಕೆಲವರು ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿ ಇಡುತ್ತಿದ್ದರು. ಆಮೇಲೆ ಬಲೆ, ಉಂಗುರ ಬಂತು. ಕೊನೆಕೊನೆಗೆ ಬಲೆಯೂ ಕಡಿಮೆಯಾಗಿ, ಹಕ್ಕಿಯ ಕೂಗನ್ನು ಹಿಡಿಯುವುದೇ ಕೆಲಸವಾಯಿತು. ಮೊದಲೇ ಹಿಡಿದಿಟ್ಟ ಕೂಗನ್ನು ಸ್ಪೀಕರಿನಲ್ಲಿ ನುಡಿಸುವುದು, ಕಾಡಿನೊಳಗಿನ ಹಕ್ಕಿ ಇದ್ಯಾರು ನನ್ನ ಜಾಗಕ್ಕೆ ಬಂದವನು ಎಂದು ಸಿಟ್ಟಿನಿಂದ ಉತ್ತರ ಕೊಡುತ್ತದೆ, ಅದನ್ನು ರೆಕಾರ್ಡ್ ಮಾಡಿಕೊಳ್ಳುವುದು. ಈ ಕೆಲಸಕ್ಕೆ ನಮ್ಮೊಡನೆ ಇದ್ದವನು ಮುಟುವಾ, ಮಚಾಕೋಸ್ ಕಡೆಯವನು. ಕಿವಿಯೆಂದರೆ ಅವನದು. ಹೊಟ್ಟೆಯೂ ಅವನದೇ. ನಾನು ಅನ್ನ ಮಾಡಿದ ದಿನವೆಲ್ಲ, ಬೀರಾ, ಇದು ಊಟವೋ ಊಟದ ಮೊದಲು ಕೊಡುವ ತಿಂಡಿಯೋ ಎಂದು ಕೇಳುತ್ತಿದ್ದ.

ಕೆಲವು ವರ್ಷದ ಹಿಂದೆ ನಾವು ಕೊಮೊರೋಸ್ ದ್ವೀಪಗಳಿಗೆ ಹೋದೆವು. ಮೊಜಾಂಬಿಕ್‌ಗೂ ಮಡಗಾಸ್ಕರ್‌ಗೂ ನಡುವೆ ಸಮುದ್ರದಲ್ಲಿ ಸಾಲಾಗಿ ನಿಂತ ಬೆಂಕಿಬೆಟ್ಟಗಳು ಅವು. ಹೋದದ್ದು ಒಂದೇ ಒಂದು ಹಕ್ಕಿಗಾಗಿ. ಗುಬ್ಬಿಗಿಂತ ಸಣ್ಣದು, ಬೂದುಬಣ್ಣ, ಮೂರೇ ಸ್ವರದ ಕೂಗು. ಹಿಂದೆಂದೋ ಯಾರೋ ಹೊಡೆದು ಹತ್ತಿ ತುಂಬಿಟ್ಟ ಒಂದರಿಂದ ಅದರ ರೂಪ ಗೊತ್ತಿತ್ತು. ಮೇಡಂ ವಿದ್ಯಾರ್ಥಿಯಾಗಿದ್ದಾಗ ಅವರ ಮೇಷ್ಟ್ರು ಈ ಸಾಲಿನ ಒಂದು ದ್ವೀಪದಲ್ಲಿ ಅದರ ಕೂಗನ್ನು ಟೇಪಿನಲ್ಲಿ ಹಿಡಿದಿದ್ದರು. ಮೇಡಂ ಆಗ ಬ್ಯಾಟರಿ ಪೆಟ್ಟಿಗೆ ಹೊತ್ತು ಪಕ್ಕದಲ್ಲಿದ್ದರು. ಕೂಗು ಕೇಳಿದರು, ಹಕ್ಕಿ ಕಾಣಲಿಲ್ಲ. ಆಮೇಲೆ ಅದನ್ನು ಕೇಳಿದವರೂ ಇಲ್ಲ, ಕಂಡವರೂ ಇಲ್ಲ. ಮೇಷ್ಟ್ರು ತೀರಿಹೋದರು. ಅಪ್ಪರ್ ಹಿಲ್‌ನ ಒಂದು ಆಫೀಸಿನ ಮೇಲಂತಸ್ತಿನಲ್ಲಿ ಖರ್ಚು ಕೊಡುವವರು ಮೇಡಂಗೆ, ಇದು ಕೊನೆಯ ಸಲ ಎಂದು ಹೇಳಿ ಕಳಿಸಿದ್ದರು. ಮೇಡಂ ನಿವೃತ್ತಿಯ ಅಂಚಿಗೆ ಬಂದಿದ್ದರು. ಅವರಿಗೂ ಅದು ಕೊನೆಯ ಸಲವೇ.

ಮೊದಲನೆಯದು ದೊಡ್ಡ ದ್ವೀಪ. ಅಲ್ಲಿಯ ಬೆಟ್ಟ ಇನ್ನೂ ಒಳಗೊಳಗೆ ಕುದಿಯುತ್ತದೆ. ಕಲ್ಲಿನ ಬಿರುಕಿನಲ್ಲಿ ಕೈಯಿಟ್ಟರೆ ಯಾರೋ ಉಸಿರು ಬಿಟ್ಟ ಹಾಗೆ ಬಿಸಿ. ಹರಿದು ಬಂದು ಗಟ್ಟಿಯಾದ ಕರಿಕಲ್ಲಿನ ಮೇಲೆ ಒಂದು ಜರಿಗಿಡ ಎದ್ದಿತ್ತು. ಮಣ್ಣಿಲ್ಲ, ನೀರಿಲ್ಲ, ಆದರೂ ಹಸಿರು. ಮುಟುವಾ ಅದರ ಪಕ್ಕ ಟೋಪಿ ತೆಗೆದು ಕೂತ. ಏನೋ ತಮಾಷೆ ಮಾಡುತ್ತಾನೆಂದು ಕಾದೆ, ಮಾಡಲಿಲ್ಲ. ಹಕ್ಕಿ ಅಲ್ಲಿರಲಿಲ್ಲ.

ಎರಡನೆಯದು ಸಣ್ಣ ದ್ವೀಪ. ಬೆಳಕು ಹರಿಯುವಾಗ ದಂಡೆಯಲ್ಲಿ ಒಂದು ಆಮೆ ಮೊಟ್ಟೆಯಿಟ್ಟು ತಡವಾಗಿ ಸಮುದ್ರಕ್ಕೆ ಮರಳುತ್ತಿತ್ತು. ನಾನು ಹುಟ್ಟಿನಿಂದ ಕಡಲ ಮಗ, ಆಮೆ ಹೊಸದಲ್ಲ. ಆದರೆ ಇಷ್ಟು ಹತ್ತಿರದಿಂದ ಅದರ ಉಸಿರು ಕೇಳಿರಲಿಲ್ಲ. ಭಾರ ಹೊತ್ತು ಘಟ್ಟ ಹತ್ತಿದ ಮುದುಕಿಯ ಉಸಿರು. ನಾಲ್ಕು ಹೆಜ್ಜೆ ಎಳೆದು ನಿಲ್ಲುತ್ತದೆ, ಮತ್ತೆ ಎಳೆಯುತ್ತದೆ. ನೀರು ಸೋಕಿದ ಕ್ಷಣಕ್ಕೆ ಭಾರವೆಲ್ಲ ಹೋಗಿ ಹಕ್ಕಿಯ ಹಾಗೆ ಹಾರಿತು. ಹಾರಿತು ಎಂದೇ ಬರೆಯುತ್ತೇನೆ, ಈಜಿತು ಎಂದರೆ ಸುಳ್ಳಾಗುತ್ತದೆ. ಮೇಲೆ ಕಾಡಿನಲ್ಲಿ ಹಗಲಲ್ಲೇ ಹಾರುವ ದೊಡ್ಡ ಕರಿ ಬಾವಲಿಗಳು, ರೆಕ್ಕೆ ಬಿಚ್ಚಿದರೆ ಛತ್ರಿ. ನಮ್ಮ ಹಕ್ಕಿ ಅಲ್ಲಿಯೂ ಇರಲಿಲ್ಲ.

ಉಳಿದದ್ದು ಮೂರನೆಯದು, ಮೇಷ್ಟ್ರು ಟೇಪು ಮಾಡಿದ ದ್ವೀಪ. ಅಲ್ಲಿಯ ಊರಿನ ಹೆಸರು ಬರೆಯುವುದಿಲ್ಲ, ಬರೆದರೆ ಕ್ಯಾಮೆರಾದವರು ಹೋಗಿ ತುಳಿದು ಹಾಕುತ್ತಾರೆ. ಗೋಡೆಯ ಹಾಗೆ ನಿಂತ ಬೆಟ್ಟ, ಕೆಳಗೆ ಲವಂಗದ ತೋಟ, ಗಾಳಿಯಲ್ಲೆಲ್ಲ ಲವಂಗದ ವಾಸನೆ. ಮೇಷ್ಟ್ರ ಕಾಲದಲ್ಲಿ ಊರ ಬೇಲಿಯವರೆಗೆ ಇದ್ದ ಕಾಡು ಈಗ ಬೆಟ್ಟದ ತಲೆಯ ಮೇಲೆ ಟೋಪಿಯಷ್ಟು ಉಳಿದಿತ್ತು. ಅದನ್ನೂ ಆ ವರ್ಷ ಕಡಿದು ಬಾಳೆ, ಲವಂಗ ಹಾಕಬೇಕೆಂದು ಊರಿನವರು ಮಾತಾಡಿಕೊಂಡಿದ್ದರು. ಅವರದೂ ತಪ್ಪೆನ್ನಲಾರೆ, ಮಕ್ಕಳು ಹೆಚ್ಚಾಗಿದ್ದರು. ನಮಗೆ ದಾರಿ ತೋರಿಸುತ್ತಿದ್ದ ಬಕಾರಿಯ ಸೋದರಮಾವ ಆ ಊರಿನ ಹಿರಿಯ. ಹಿರಿಯರನ್ನು ಅಲ್ಲಿ ನಮ್ಮ ಸ್ವಾಹಿಲಿಯಲ್ಲಿ ಕರೆದ ಹಾಗೆ ಮ್ಜೀ ಎಂದರೂ ನಡೆಯುತ್ತದೆ, ಅವರ ಮಾತು ನಮಗೆ ಅರ್ಧ ತಿಳಿಯುತ್ತದೆ. ಮಸೀದಿಯ ಎದುರಿನ ಕಲ್ಲುಕಟ್ಟೆಯ ಮೇಲೆ ಕೂತು ಅವರು ಮೇಡಂಗೆ ಹೇಳಿದ್ದು ಇಷ್ಟು: ಬೇರೆಲ್ಲೂ ಇಲ್ಲದ ಹಕ್ಕಿ ನಮ್ಮ ಬೆಟ್ಟದಲ್ಲಿದೆಯೆಂದು ಖಚಿತವಾದರೆ ತೊರೆಯಿಂದ ಮೇಲಕ್ಕೆ ಕೊಡಲಿ ಹಾಕುವುದಿಲ್ಲ. ಇಲ್ಲವೆಂದಾದರೆ ಈ ಬೇಸಿಗೆಗೇ ಕಡಿಯುತ್ತೇವೆ.

ಮೇಲೆ ಕಾಡಿನ ನಡುವೆ ಒಂದು ಕಣಿವೆ, ಅದರ ಎರಡು ಕಡೆ ಎರಡು ಏರು. ಒಂದು ಏರಿನ ಮೇಲೆ ಮೇಡಂ ಮತ್ತು ಮುಟುವಾ, ಇನ್ನೊಂದರ ಮೇಲೆ ನಾನು ಮತ್ತು ಬಕಾರಿ. ಎರಡು ಕಡೆಯೂ ಮೇಷ್ಟ್ರ ಕೂಗು ತುಂಬಿದ ಒಂದೊಂದು ಸ್ಪೀಕರು, ಒಂದೊಂದು ರೆಕಾರ್ಡರು. ಅಲ್ಲಿ ಫೋನು ಹಿಡಿಯುವುದಿಲ್ಲ. ಹಾಗಾಗಿ ಮೊದಲೇ ಮಾತಾಗಿತ್ತು. ಬೆಳಕಾದ ಮೇಲೆ ನಾವು ನುಡಿಸುವುದು, ಅವರು ಕೇಳುವುದು. ಬಿಸಿಲು ಬಿದ್ದ ಮೇಲೆ ಅವರು ನುಡಿಸುವುದು, ನಾವು ಕೇಳುವುದು. ಮುಟುವಾ ಗಡಿಯಾರದ ಲೆಕ್ಕ ಇಟ್ಟುಕೊಳ್ಳೋಣ ಎಂದ. ಹಕ್ಕಿ ಗಡಿಯಾರ ಕಟ್ಟಿಕೊಳ್ಳಲ್ಲ ಮುಟುವಾ, ಅದು ಬಿಸಿಲನ್ನ ನೋಡತ್ತೆ, ನಾವೂ ಅದನ್ನೇ ನೋಡೋಣ ಎಂದರು ಮೇಡಂ. ಮೇಲಿನವರ ಮಾತು ಕೇಳಲು ಚೆನ್ನಾಗಿದ್ದಾಗ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ, ಇದನ್ನು ನೆನಪಿಡಿ.

ಬೆಳಗಾಯಿತು. ಕಣಿವೆಯ ತುಂಬ ಮಂಜು, ಹತ್ತಿ ತುಂಬಿದ ಹಾಗೆ. ನಾವು ನುಡಿಸುತ್ತಿದ್ದೆವು. ನುಡಿಸುವುದು, ನಿಲ್ಲಿಸುವುದು, ಕಿವಿಗೊಡುವುದು. ಏನೂ ಇಲ್ಲ. ಮಂಜು ಸರಿಯತೊಡಗಿತು. ಆಗ ಕಣಿವೆಯ ಆಚೆಯಿಂದ ಬಂತು, ಮೂರು ಸ್ವರ. ಬಕಾರಿ ನನ್ನ ತೋಳು ಹಿಡಿದ. ನಾನು ಮತ್ತೆ ನುಡಿಸಿದೆ. ಮತ್ತೆ ಉತ್ತರ ಬಂತು. ಎಷ್ಟೋ ವರ್ಷ ಯಾರೂ ಕೇಳದ ದನಿ ನನ್ನ ಜೊತೆ ಮಾತಾಡುತ್ತಿದೆ ಎಂದು ಕಣ್ಣಲ್ಲಿ ನೀರು ಬಂತು.

ಮಧ್ಯಾಹ್ನ ತೊರೆಯ ಹತ್ತಿರ ಎಲ್ಲರೂ ಸೇರಿದಾಗ ಮೇಡಂ ನನ್ನ ಎರಡೂ ಕೈ ಹಿಡಿದುಕೊಂಡರು. ಅವರಿಗೂ ಉತ್ತರ ಬಂದಿತ್ತಂತೆ. ಒಂದಲ್ಲ, ಎರಡು ಹಕ್ಕಿ ಎಂದುಕೊಂಡೆವು. ಇಳಿದು ಹೋಗಿ ಮ್ಜೀಗೆ ಹೇಳಿದೆವು. ಅವರು ತಲೆಯಾಡಿಸಿ, ಹಾಗಾದರೆ ಆಯಿತು, ಮಾತು ಮಾತೇ ಎಂದರು. ಯಾರದೋ ಮನೆಯಿಂದ ತೆಂಗಿನ ಹಾಲಿನಲ್ಲಿ ಬೇಯಿಸಿದ ಮೀನು ಬಂತು. ಅನ್ನವನ್ನು ಮುಟುವಾ ಅಂದು ಊಟವೆಂದೇ ಒಪ್ಪಿಕೊಂಡ.

ಸಂಜೆ ನಾನು ಪಾತ್ರೆ ತೊಳೆಯುತ್ತಿದ್ದೆ. ಮುಟುವಾ ಕಿವಿಗೆ ಹೆಡ್‌ಫೋನ್ ಹಾಕಿ ಬೆಳಗಿನ ರೆಕಾರ್ಡಿಂಗ್ ಕೇಳುತ್ತಿದ್ದವನು ಅದನ್ನು ತೆಗೆದು ಮೊಣಕಾಲ ಮೇಲಿಟ್ಟು ಸುಮ್ಮನೆ ಕೂತಿದ್ದ. ಅವನು ಸುಮ್ಮನಿರುವುದು ಅಪರೂಪ. ಹತ್ತಿರ ಹೋದೆ.

"ಬೀರಾ," ಎಂದ, "ಆ ಬೆಟ್ಟದ ತುದೀಲಿ ಕೋಳಿ ಸಾಕಿದವರು ಯಾರು?"

ನನಗೆ ತಿಳಿಯಲಿಲ್ಲ. ನನ್ನ ಕಿವಿಗೆ ಹಾಕಿದ. ಮೂರು ಸ್ವರ, ಅದರ ಬಾಲಕ್ಕೆ, ದೂರದಲ್ಲಿ, ಒಂದು ಹುಂಜ. ಮೇಷ್ಟ್ರು ಟೇಪು ಮಾಡಿದಾಗ ಕಾಡು ಊರ ಬೇಲಿಗೇ ತಾಗಿತ್ತಲ್ಲ, ಅಂದು ಕೂಗಿದ ಹುಂಜ ಅದು. ಎಷ್ಟು ಸಲ ನುಡಿಸಿದ್ದೇವೆಂದರೆ ನಮ್ಮ ಯಾರ ಕಿವಿಗೂ ಅದು ಬೀಳುವುದು ಎಂದೋ ನಿಂತುಹೋಗಿತ್ತು. ಅವರು ಕೂತ ಏರು ಮೂಡಣಕ್ಕೆ ಮುಖ ಮಾಡಿದ್ದು, ನಮ್ಮದು ಪಡುವಣಕ್ಕೆ. ಅವರಿಗೆ ಬಿಸಿಲು ಬಿದ್ದಾಗ ನಾವಿನ್ನೂ ನೆರಳಲ್ಲಿದ್ದೆವು. ತಮ್ಮ ಸರದಿ ಬಂತೆಂದು ಅವರು ನುಡಿಸಿದರು, ನಮ್ಮ ಸರದಿ ಮುಗಿದಿಲ್ಲವೆಂದು ನಾವೂ ನುಡಿಸಿದೆವು. ಬೆಳಗೆಲ್ಲ ನಮ್ಮ ಪೆಟ್ಟಿಗೆ ಅವರ ಪೆಟ್ಟಿಗೆಯ ಜೊತೆ ಮಾತಾಡಿತ್ತು.

ಮೇಡಂ ಅದನ್ನು ಮತ್ತೆ ಮತ್ತೆ ಕೇಳಿದರು. ಬೈಯಲಿಲ್ಲ. "ಇದು ನಮ್ಮ ಮೇಷ್ಟ್ರ ಹುಂಜನೇ," ಎಂದು ಸಣ್ಣಗೆ ನಕ್ಕು ಹೆಡ್‌ಫೋನ್ ಕೆಳಗಿಟ್ಟರು. ಆಮೇಲೆ ಚಪ್ಪಲಿ ಮೆಟ್ಟಿದರು.

ಎಲ್ಲಿಗೆ ಎಂದು ಕೇಳುವ ಅಗತ್ಯವೇ ಇರಲಿಲ್ಲ. ನಾನು ಅಡ್ಡ ನಿಂತೆ. "ಮೇಡಂ, ಅವ್ರು ಕಡಿಯುದಿಲ್ಲ ಅಂತ ಒಪ್ಕಂಡಾರೆ. ಮರ ಉಳೀತದೆ. ಸುಮ್ನಿರುವ."

"ನಾಳೆ ಯಾರೋ ಬಂದು ಇಲ್ಲಿ ಹಕ್ಕಿ ಇಲ್ಲ ಅಂತ ತೋರಿಸ್ತಾರೆ ಬೀರಣ್ಣ. ಆಮೇಲೆ ನಿಜವಾಗಿ ಇರೋದನ್ನ ಇದೆ ಅಂದ್ರೂ ಇವರು ಯಾಕೆ ನಂಬಬೇಕು?"

ನಾನು ದಾರಿ ಬಿಟ್ಟೆ. ಪ್ರಾರ್ಥನೆ ಮುಗಿಸಿ ಗಂಡಸರು ಕಟ್ಟೆಗೆ ಬಂದಿದ್ದರು. ಎಲ್ಲರ ಎದುರು ನಿಂತು ಮೇಡಂ ನಡೆದದ್ದನ್ನೆಲ್ಲ ಹೇಳಿದರು. ಹುಂಜದ ವಿಷಯ ಬಂದಾಗ ಹಿಂದಿನಿಂದ ಒಬ್ಬ ಅದರ ಹಾಗೆ ಕೂಗಿಯೇ ಬಿಟ್ಟ. ಕಟ್ಟೆಯೆಲ್ಲ ನಗು, ಆ ಕಡೆ ಅಡಿಗೆಮನೆಗಳಲ್ಲೂ ಹೆಂಗಸರ ನಗು. ಮೇಡಂ ನಗು ಮುಗಿಯುವ ತನಕ ತಲೆ ತಗ್ಗಿಸದೆ ನಿಂತರು. ನಾನು ನೋಡಿದ ದೊಡ್ಡ ಸಂಗತಿಗಳಲ್ಲಿ ಅದೂ ಒಂದು, ಬೆಂಕಿಬೆಟ್ಟದ ಪಕ್ಕಕ್ಕೇ ಇಡುತ್ತೇನೆ. ಮ್ಜೀ ಮಾತ್ರ ನಗಲಿಲ್ಲ. ನಿಮ್ಮ ದೋಣಿ ಯಾವತ್ತು ಎಂದು ಕೇಳಿದರು. ಬರುವ ವಾರ ಎಂದೆವು. ಅಲ್ಲಿಯ ತನಕ ಹತ್ತಿ ನೋಡಿ, ಅಲ್ಲಿಯ ತನಕ ಕೊಡಲಿ ಮನೆಯಲ್ಲೇ ಇರುತ್ತದೆ ಎಂದರು.

ಮರುದಿನದಿಂದ ಸ್ಪೀಕರು, ರೆಕಾರ್ಡರು ಎಲ್ಲ ಕೆಳಗೇ ಬಿಟ್ಟೆವು. ಮೇಡಂ ಹೇಳಿದ್ದು, ನಾವು ಬಹಳ ಮಾತಾಡಿ ಆಯ್ತು, ಇನ್ನು ಕೂತ್ಕೊಳ್ಳೋಣ. ಬೆಳಗಿನಿಂದ ಬಿಸಿಲು ಇಳಿಯುವ ತನಕ ಕೂತೆವು. ಕಾಡಿನಲ್ಲಿ ಸುಮ್ಮನೆ ಕೂರುವುದು ಗೇರು ಬಿಚ್ಚುವುದಕ್ಕಿಂತ ಕಷ್ಟ. ಸೊಳ್ಳೆ ಕಡಿಯುತ್ತದೆ, ಕಾಲು ಜೋಮು ಹಿಡಿಯುತ್ತದೆ. ಆದರೆ ಮೂರನೇ ದಿನವೋ ಏನೋ ಕಿವಿ ಬೇರೆಯೇ ಆಗುತ್ತದೆ. ಎಲೆಯಿಂದ ಎಲೆಗೆ ನೀರು ಬೀಳುವುದು, ತೊಗಟೆಯ ಕೆಳಗೆ ಹುಳ ಕೊರೆಯುವುದು, ಎಲ್ಲ ಒಂದೊಂದಾಗಿ ಕೇಳುತ್ತದೆ. ಇಷ್ಟೆಲ್ಲ ಸದ್ದಿನ ಮೇಲೆ ನಾವು ಸ್ಪೀಕರು ಇಟ್ಟಿದ್ದೆವಲ್ಲ ಎನ್ನಿಸಿತು.

ದೋಣಿಗೆ ಇನ್ನೊಂದೇ ದಿನ ಉಳಿದಿತ್ತು. ನಾನೂ ಮುಟುವಾನೂ ಒಂದು ಬಿದ್ದ ಮರದ ಈ ತುದಿ ಆ ತುದಿಗೆ ಕೂತಿದ್ದೆವು. ಮೇಡಂ ನಮ್ಮ ಎದುರು ಸ್ವಲ್ಪ ದೂರದಲ್ಲಿ, ಜರಿಗಿಡಗಳ ನಡುವೆ. ಮಂಜಿಗೆ ಅವರ ಕನ್ನಡಕ ಮಸುಕಾಗುತ್ತಿತ್ತು, ತೆಗೆದು ದುಪಟ್ಟಾದಿಂದ ಒರೆಸುತ್ತಿದ್ದರು. ಆಗ ನಡುವಿನ ಒಂದು ಒಣ ಕೊಂಬೆಯ ಮೇಲೆ ಅದು ಇತ್ತು. ಬಂದದ್ದು ಕಾಣಲಿಲ್ಲ. ಇರಲಿಲ್ಲ, ಇತ್ತು. ಕೂಗಲಿಲ್ಲ. ಬೂದುಬಣ್ಣ, ಗಂಟಲ ಕೆಳಗೆ ತುಕ್ಕು ಹಿಡಿದ ಕಬ್ಬಿಣದ ಬಣ್ಣ. ಒಂದು ಸಲ ಬಾಲ ಕೊಡವಿತು. ನಾನು ಮೇಡಂ ಎಂದು ಕೂಗಿದರೆ ಅದು ಹೋಗುತ್ತದೆ, ಕೂಗದಿದ್ದರೆ ಅವರಿಗೆ ಕಾಣುವುದಿಲ್ಲ. ಅವರು ಕನ್ನಡಕ ಹಾಕಿಕೊಳ್ಳುವುದಕ್ಕೂ ಅದು ಕೊಂಬೆ ಬಿಡುವುದಕ್ಕೂ ಸರಿಹೋಯಿತು.

ನಮ್ಮ ಕೆಲಸದಲ್ಲಿ ಒಂದು ಕ್ರಮವಿದೆ. ಇಬ್ಬರು ಒಟ್ಟಿಗೆ ಏನಾದರೂ ಕಂಡರೆ ಒಬ್ಬರೊಡನೊಬ್ಬರು ಮಾತಾಡಬಾರದು. ಮಾತಾಡಿದರೆ ಒಬ್ಬನ ಕಣ್ಣು ಇನ್ನೊಬ್ಬನ ಬಾಯಿಗೆ ಹೋಗುತ್ತದೆ. ನಮ್ಮ ಮುಖ ನೋಡಿಯೇ ಮೇಡಂಗೆ ತಿಳಿಯಿತು. ಬೆರಳು ತುಟಿಯ ಮೇಲಿಟ್ಟುಕೊಂಡು ನನ್ನನ್ನು ತೊರೆಯ ಹತ್ತಿರ ಕಳಿಸಿದರು. ಮುಟುವಾನದು ಮುಗಿದ ಮೇಲೆ ನನ್ನ ಸರದಿ. ಗಾತ್ರ ಕೇಳಿದರು, ಕೊಕ್ಕು ಕೇಳಿದರು, ಬಣ್ಣ ಎಲ್ಲಿಂದ ಎಲ್ಲಿಗೆ ಎಂದು ಕೇಳಿದರು. ಪ್ರಶ್ನೆ ಒಂದೂ ಬಿಡಲಿಲ್ಲ.

"ಕಾಲು ಹಳದಿ ಇತ್ತಲ್ವಾ?"

"ಕಾಲು ಕಾಣ್ಲಿಲ್ಲ ಮೇಡಂ. ಕೊಂಬೆ ಅಡ್ಡ ಇತ್ತು."

ಅವರು ಕಣ್ಣು ಮುಚ್ಚಿ ತೆರೆದರು. ಮುಟುವಾ ಕೂಡ ಕಾಲು ಕಾಣಲಿಲ್ಲ ಎಂದಿದ್ದನಂತೆ. ಹೊಸಬರು ಇದೊಂದನ್ನು ಕಲಿಯಿರಿ. ಕಾಣದ್ದನ್ನು ಕಾಣಲಿಲ್ಲ ಎನ್ನುವವನ ಮಾತಿನಿಂದಲೇ ಕಂಡದ್ದಕ್ಕೆ ಬೆಲೆ. ಉಳಿದದ್ದೆಲ್ಲ ಇಬ್ಬರದೂ ಒಂದೇ ಆಗಿತ್ತು, ಹತ್ತಿ ತುಂಬಿಟ್ಟ ಆ ಹಕ್ಕಿಗೂ ಹೊಂದಿತ್ತು.

ಆ ಸಂಜೆ ಕಟ್ಟೆಯ ಮುಂದೆ ಮೇಡಂ, ನಾನು ಕಂಡಿಲ್ಲ, ಇವರಿಬ್ಬರು ಕಂಡಿದ್ದಾರೆ ಎಂದರು. ಮ್ಜೀ ನಮ್ಮಿಬ್ಬರನ್ನೂ ಹತ್ತಿರ ಕರೆದು ಕಣ್ಣಲ್ಲಿ ಕಣ್ಣಿಟ್ಟು ಕೇಳಿದರು, ನಿಮ್ಮ ಕಣ್ಣಿಂದಲೇ ನೋಡಿದ್ದೋ? ಹೌದು ಮ್ಜೀ ಎಂದೆವು. ಜೊತೆಗೆ ಹುಂಜ ಇರಲಿಲ್ಲವಷ್ಟೆ? ಇರಲಿಲ್ಲ. ಆಗ ಅವರು ನಕ್ಕರು, ಒಬ್ಬರೇ, ಬಹಳ ಹೊತ್ತು. ತೊರೆಯಿಂದ ಮೇಲೆ ಇಂದಿಗೂ ಯಾರೂ ಕೊಡಲಿ ಹಾಕಿಲ್ಲ. ಬಕಾರಿ ಆಗಾಗ ಫೋನಿಗೆ ಆ ಬೆಟ್ಟದ ಚಿತ್ರ ಕಳಿಸುತ್ತಾನೆ. ಹಕ್ಕಿಯ ವರದಿಯಲ್ಲಿ ಕಂಡವರು ಎಂಬಲ್ಲಿ ಎರಡು ಹೆಸರಿದೆ, ಮುಟುವಾನದು ಮತ್ತು ನನ್ನದು. ಮೇಡಂ ತಮ್ಮ ಹೆಸರನ್ನು ಅಲ್ಲಿ ಬರೆಯಲಿಲ್ಲ. ಮರುದಿನ ದೋಣಿ ಬರುವ ತನಕ ಅದೇ ಕೊಂಬೆಯ ಎದುರು ಕೂತರು. ಅದು ಮತ್ತೆ ಬರಲಿಲ್ಲ.

ದೋಣಿ ಹೊರಟ ಮೇಲೆ ಮುಟುವಾ ಮಲಗಿದ. ಮೇಡಂ ಬೆಟ್ಟ ಚಿಕ್ಕದಾಗುವುದನ್ನು ನೋಡುತ್ತ ನಿಂತಿದ್ದರು. ನಾನು ಎಂಜಿನ್ನಿನ ಸದ್ದು ಸರಿಯಿಲ್ಲವೆಂದು ಅದಕ್ಕೆ ಕಿವಿಗೊಟ್ಟಿದ್ದೆ. ಅವರು ಬಂದು ಪಕ್ಕದಲ್ಲಿ ಕೂತರು.

"ಬೀರಣ್ಣ, ಇನ್ನೊಂದ್ಸಲ ಹೇಳಿ. ವರದಿಗಲ್ಲ, ನನಗೆ."

ಬಣ್ಣ ಹೇಳಿದೆ, ಗಾತ್ರ ಹೇಳಿದೆ. ಅವೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಇನ್ನೂ ಏನೋ ಬೇಕೆಂಬಂತೆ ನೋಡುತ್ತಿದ್ದರು. ಆಗ ಮುಟುವಾನೊಡನೆಯೂ ಆಡಿರದ ಒಂದು ಮಾತನ್ನು ಹೇಳಿದೆ. ಹಕ್ಕಿ ಯಾರ ಕಡೆ ನೋಡಿತು ಎನ್ನುವುದಕ್ಕೆ ವರದಿಯಲ್ಲಿ ಜಾಗವಿರುವುದಿಲ್ಲ.

"ಅದು ನಮ್ ಕಡೆ ಮಗ್ಗುಲು ಹಾಕಿ, ತಲೆ ಒಂಚೂರು ನಿಮ್ ಕಡೆ ತಿರುಗಿಸ್ಕಂಡು ಕೂತಿತ್ತು ಮೇಡಂ. ನೀವು ಕನ್ನಡಕ ಒರೆಸ್ತಾ ಇದ್ರಲ್ಲ, ಅದು ನಿಮ್ಮನ್ನೇ ನೋಡ್ತಿತ್ತು."

ಮೇಡಂ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ನೀರು ದೋಣಿಯ ಮಗ್ಗುಲಿಗೆ ಬಡಿಯುತ್ತಿತ್ತು. ಆಮೇಲೆ ಕೇಳಿದರು, "ಎಷ್ಟು ಹೊತ್ತು?"

"ಹಾರಿ ಹೋಗೋ ತನಕ," ಎಂದೆ.